ಗಾಳಿ ತಿಂದ ಬೀಜ

ಅಥವಾ ಅದು ಜುಲೈ ಇರಲಿಕ್ಕಿಲ್ಲ, ಆಗಸ್ಟೇ ಆಗಿರಬಹುದು. ಮಳೆ ಜೋರಾಗಿತ್ತು ಎಂದು ಬರೆಯಲು ಹೊರಟಿದ್ದೆ, ಆದರೆ ಕರಾವಳಿಯವರ ನೆನಪಿನಲ್ಲಿ ಮಳೆ ಯಾವಾಗ ಜೋರಾಗಿರಲಿಲ್ಲ? ಮೊನ್ನೆ ಕಾರ್ಕಳದ ಮನೆಯಲ್ಲಿ ಹನೀಫ್ ಕಳಿಸಿದ ಕಾಫಿಬೀಜದ ಪ್ಯಾಕೆಟ್ಟನ್ನು ಕತ್ತರಿಸಿ ಮೂಗಿಗೆ ಹಿಡಿದೆ. ಒದ್ದೆ ಗೋಣಿ, ಹಳೆಯ ಮರದ ಪೆಟ್ಟಿಗೆ, ಸ್ವಲ್ಪ ಜಾಯಿಕಾಯಿ. ಅಷ್ಟಕ್ಕೇ ಕಾಪುವಿನ ಒಂದು ಮಳೆಗಾಲ ಇಡಿಯಾಗಿ ಎದ್ದು ಬಂದು ಎದುರಿಗೆ ನಿಂತಿತು. ಹಾಗೆ ಇಡಿಯಾಗಿ ಬಂದದ್ದೇ ನನಗೆ ಸರಿಬರಲಿಲ್ಲ. ನೆನಪು ಚೂರುಚೂರಾಗಿ ಬಂದರೆ ನಂಬಬಹುದು. ಇಸ್ತ್ರಿ ಹಾಕಿಕೊಂಡು ಬಂದರೆ ದಾರಿಯಲ್ಲಿ ಯಾರದೋ ಕೈ ಬಿದ್ದಿದೆ ಎಂದೇ ಲೆಕ್ಕ. ಆ ಕೈ ನನ್ನದೇ ಆಗಿದ್ದರೆ ಇನ್ನೂ ಕಷ್ಟ.

ಆದ್ದರಿಂದ ಗಟ್ಟಿಯಾಗಿ ಗೊತ್ತಿರುವುದನ್ನು ಮೊದಲು ಹೇಳುತ್ತೇನೆ. ಆಗ ನಾನು ಮಣಿಪಾಲದಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಪಠ್ಯಪುಸ್ತಕಗಳ ಕರಡು ತಿದ್ದುವುದು ಕೆಲಸ. ಅಂದರೆ ದಿನವಿಡೀ ಬೇರೆಯವರ ವಾಕ್ಯಗಳನ್ನು ಅನುಮಾನದಿಂದ ನೋಡುವುದಕ್ಕೆ ನನಗೆ ಸಂಬಳ ಕೊಡುತ್ತಿದ್ದರು. ನಮ್ಮ ಕಚೇರಿಗೆ ಆ ವರ್ಷ ಕಾಫಿಯ ಜ್ವರ ಬಂದಿತ್ತು. ಒಬ್ಬಳು ಕೈಯಲ್ಲಿ ತಿರುಗಿಸುವ ಗ್ರೈಂಡರ್ ತಂದಳು, ಇನ್ನೊಬ್ಬ ಕೊಕ್ಕರೆಯ ಕತ್ತಿನಂಥ ಮೂತಿಯ ಕೆಟಲ್ ತರಿಸಿದ. ಬೀಜವನ್ನು ತಕ್ಕಡಿಯಲ್ಲಿ ತೂಗಿ, ಸೋಸುವ ಕಾಗದದ ಮೇಲೆ ಬಿಸಿನೀರನ್ನು ಸುತ್ತ ಸುತ್ತ ಹೊಯ್ದು, ಕೊನೆಗೆ ಸಿಗುವ ತೆಳ್ಳಗಿನ ಕೆಂಪು ನೀರನ್ನು ಕುಡಿದು “ನಿಂಬೆಯ ಹಾಗೆ ಉಂಟು, ಅಲ್ವಾ?” ಎನ್ನುತ್ತಿದ್ದರು. ಸ್ಟೀಲ್ ಫಿಲ್ಟರಿನ ದಪ್ಪ ಡಿಕಾಕ್ಷನ್ ಕುಡಿದು ಬೆಳೆದವನು ನಾನು. ಮೊದಲು ನಕ್ಕೆ. ಆಮೇಲೆ ನನಗೂ ಅದೇ ಹುಚ್ಚು ಹಿಡಿಯಿತು. ಹಸಿ ಬೀಜವನ್ನು ಅಂಚೆಯಲ್ಲಿ ತರಿಸಿ ಕಬ್ಬಿಣದ ಬಾಣಲೆಯಲ್ಲಿ ನಾನೇ ಹುರಿಯತೊಡಗಿದೆ. ಸಿಪ್ಪೆ ಅಡುಗೆಮನೆಯೆಲ್ಲ ಹಾರುತ್ತಿತ್ತು. ಬೀಜ ಚಟ್ ಚಟ್ ಎಂದು ಸಿಡಿಯುವುದನ್ನು ಕೇಳುತ್ತಾ, ಈಗ ಇಳಿಸುವುದೋ ಇನ್ನೊಂದು ಚೂರು ಕಪ್ಪಾಗಲಿ ಎಂದು ಬಿಡುವುದೋ ಎಂಬ ತೀರ್ಮಾನದಲ್ಲಿ ನನ್ನ ಸಂಜೆಗಳು ಕಳೆಯುತ್ತಿದ್ದವು.

ಹನೀಫ್ ಬಂದದ್ದು ಆ ಮೇ ತಿಂಗಳಲ್ಲಿ. ಕಾರ್ಕಳದ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವನು ಶಾರ್ಜಾದ ಒಂದು ಹೋಟೆಲಿನಲ್ಲಿ ಕಾಫಿ ಯಂತ್ರದ ಹಿಂದೆ ನಿಂತು ವರ್ಷಗಳನ್ನು ಕಳೆದಿದ್ದ. ರಜೆಯಲ್ಲಿ ಬಂದವನು ನನ್ನ ಬಾಣಲೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

“ಎಂತ ಮಾರಾಯ, ಕಡಲೆ ಹುರಿಯುವ ಹಾಗೆ ಹುರೀತಿ?”

“ನಿಮ್ಮ ಶಾರ್ಜಾದ ಶೇಖ್‌ಗಳಿಗೆ ಇದು ಸಿಗ್ಲಿಕ್ಕಿಲ್ಲ.”

“ನಮ್ಮ ಶೇಖ್‌ಗಳು ಎಂತ ಕುಡೀತಾರೆ ಗೊತ್ತುಂಟಾ? ನಮ್ಮ ಊರಿನ ಗಾಳಿ. ಅಲ್ಲಿ ಎಲ್ಲಕ್ಕಿಂತ ಮೇಲಿನ ಭರಣಿಯಲ್ಲಿ ಇಡ್ತಾರೆ ಅದನ್ನು. ನಾನು ಹತ್ತು ವರ್ಷದಿಂದ ಪಡುಗಾಳಿಯನ್ನು ಚಮಚದಲ್ಲಿ ಅಳೆದು ಕೊಡ್ತಾ ಇದ್ದೇನೆ. ಅಲ್ಲಿ ನಿಂತು ಮಾರುವುದಕ್ಕಿಂತ ಇಲ್ಲೇ ಹಿಡಿದರೆ ಆಗ್ಲಿಕ್ಕಿಲ್ವಾ?”

ಅವನು ಹೇಳಿದ್ದು ಸುಳ್ಳಲ್ಲ. ಒಣಗಿದ ಕಾಫಿಬೀಜವನ್ನು ಮಳೆಗಾಲವಿಡೀ ಸಮುದ್ರದ ಗಾಳಿಗೆ ತೆರೆದಿಡುವ ಕ್ರಮ ನಮ್ಮ ಕರಾವಳಿಯ ಗೋದಾಮುಗಳಲ್ಲಿ ಹಳೆಯದು. ಮೊದಲು ನೆಲದ ಮೇಲೆ ಹರಡುತ್ತಾರೆ. ಆಮೇಲೆ ಗೋಣಿಯಲ್ಲಿ ಸಡಿಲವಾಗಿ ತುಂಬಿಸಿ, ನಡುವೆ ಗಾಳಿ ಓಡಾಡುವಂತೆ ಸಾಲಿಡುತ್ತಾರೆ. ಆಗಾಗ ಸುರಿದು, ಮಗುಚಿ, ಮತ್ತೆ ತುಂಬಿಸುತ್ತಾರೆ. ಬೀಜ ತೇವ ಕುಡಿದು ಉಬ್ಬುತ್ತದೆ, ಹಸಿರು ಹೋಗಿ ಹುಲ್ಲಿನ ಬಣ್ಣ ಬರುತ್ತದೆ, ಹುಳಿ ಸಾಯುತ್ತದೆ. ಹುರಿದು ಇಳಿಸಿದರೆ ದಪ್ಪನೆಯ, ಒರಟಲ್ಲದ ಕಾಫಿ. ದೊಡ್ಡವರು ಗೋದಾಮಿನಲ್ಲಿ ಮಾಡುವುದನ್ನು ಹನೀಫ್ ಕಾಪುವಿನ ತನ್ನ ಮನೆಯ ಮಾಳಿಗೆಯಲ್ಲಿ ಮಾಡಲು ಹೊರಟ.

ಮಾಳಿಗೆ ಎಂದರೆ ಪೂರ್ತಿ ಮಾಳಿಗೆಯಲ್ಲ. ಗಲ್ಫಿನ ದುಡಿಮೆಯಲ್ಲಿ ಎದ್ದ ಅನೇಕ ಮನೆಗಳಂತೆ ಕೆಳಗೆ ಟೈಲ್ಸು, ಮೇಲೆ ಗಾರೆ ಕಾಣದ ಕೆಂಪು ಕಲ್ಲಿನ ಗೋಡೆ. ಕಿಟಕಿಗಳಿಗೆಂದು ಬಿಟ್ಟ ಜಾಗ ಪಡುವಣಕ್ಕೆ ಬಾಯಿ ತೆರೆದುಕೊಂಡು ನಿಂತಿತ್ತು. ಎರಡು ತೆಂಗಿನ ತೋಟ ದಾಟಿದರೆ ಸಮುದ್ರ. ಅವನ ಹೆಂಡತಿ ಝೊಹರಾ ಪ್ರತಿ ರಜೆಯಲ್ಲೂ ಕಿಟಕಿಯ ಮಾತೆತ್ತುತ್ತಿದ್ದಳಂತೆ. ಆ ವರ್ಷ ಗಂಡ ಕಿಟಕಿ ಬೇಡವೇ ಬೇಡ ಎಂದ.

“ನೋಡಿ ಸುಧಾಕರಣ್ಣ,” ಎಂದಳು ನನಗೆ ಚಹಾ ಕೊಡುತ್ತಾ. ಹೌದು, ಕಾಫಿಯಲ್ಲ, ಆ ಮನೆಯಲ್ಲಿ ಕುಡಿಯುತ್ತಿದ್ದದ್ದು ಚಹಾ. “ಇವರಿಗೆ ಗಾಳಿ ಬೇಕಂತೆ. ಗಾಳಿ ಬೇಕಾದ್ರೆ ಸಮುದ್ರದ ಹತ್ರ ಹೋಗಿ ಕೂತ್ಕೊಳ್ಲಿ. ಮಳೆ ನೀರೆಲ್ಲ ಮೆಟ್ಟಿಲಲ್ಲಿ ಇಳಿದು ನನ್ನ ಅಡುಗೆಮನೆಗೆ ಬರ್ತದೆ.”

“ಶಾರ್ಜಾದಲ್ಲಿ ಕಿಟಕಿ ಉಂಟು,” ಎಂದ ಹನೀಫ್. “ತೆರೀಲಿಕ್ಕೆ ಇಲ್ಲ, ಅಷ್ಟೇ.”

ಅವಳು ನಗಲಿಲ್ಲ. ಅಥವಾ ನಕ್ಕಳೋ. ನಗದೆ ಇದ್ದದ್ದು ಕಥೆಗೆ ಒಪ್ಪುತ್ತದೆ, ಆದ್ದರಿಂದಲೇ ನನಗೆ ಸಂಶಯ.

ವಿಷಯ ಇಷ್ಟು: ಮಳೆಗಾಲ ಮುಗಿಯುವುದರೊಳಗೆ ಅವನು ಹೋಟೆಲಿಗೆ ಉತ್ತರ ಕೊಡಬೇಕಿತ್ತು. ಬರುತ್ತೇನೆ ಎಂದರೆ ಕೆಲಸ ಇರುತ್ತದೆ, ಇಲ್ಲವಾದರೆ ಬೇರೆಯವನು ಬರುತ್ತಾನೆ. ಬೀಜ ಸರಿಯಾಗಿ ಬಂದರೆ ಅವನು ಇಲ್ಲೇ ಉಳಿಯುವುದು, ಹಾಳಾದರೆ ಮತ್ತೆ ಶಾರ್ಜಾ. ಅವನ ಸಣ್ಣ ಮಗಳು ಫೋನಿನಲ್ಲಿ ಅಪ್ಪನೊಂದಿಗೆ ಗಂಟೆಗಟ್ಟಲೆ ಮಾತಾಡುತ್ತಿದ್ದವಳು, ಮನುಷ್ಯ ಎದುರಿಗೆ ಬಂದು ಕೂತರೆ ತಾಯಿಯ ಹಿಂದೆ ಅಡಗುತ್ತಿದ್ದಳು. ಇದನ್ನು ನಾನು ಕಣ್ಣಾರೆ ಕಂಡೆನೋ, ಹನೀಫ್ ಹೇಳಿದ್ದನ್ನು ಕಂಡಂತೆ ಇಟ್ಟುಕೊಂಡಿದ್ದೇನೋ ತಿಳಿಯದು. ನೆರೆಕರೆಯವರಂತೂ ಅವನ ಕೆಲಸ ಹೋಗಿದೆ, ಹೇಳಲು ನಾಚಿಕೆ, ಅದಕ್ಕೆ ಬೀಜ ಹರಡಿಕೊಂಡು ಕೂತಿದ್ದಾನೆ ಎಂದು ತೀರ್ಮಾನಿಸಿದ್ದರು. ನಾನೂ ಒಂದು ವಾರ ಹಾಗೇ ನಂಬಿದ್ದೆ.

ಜೂನಿನಲ್ಲಿ ಬೀಜ ಹರಡಿದ. ಗೋಣಿಗಳನ್ನು ಕೊಟ್ಟವನು ಝೊಹರಾಳ ಅಣ್ಣ ಅಶ್ರಫ್, ಪಡುಬಿದ್ರಿಯಲ್ಲಿ ಒಣಮೀನಿನ ವ್ಯಾಪಾರಿ. ಮೇ ತಿಂಗಳ ಬಿಸಿಲಿನಲ್ಲಿ ಝೊಹರಾ ಅವನ್ನು ಸಾಬೂನು ಹಾಕಿ ಒಗೆದು, ತಾರಸಿಯ ಮೇಲೆ ಗರಿಗರಿಯಾಗುವ ತನಕ ಒಣಗಿಸಿದ್ದಳು. ನಾನೇ ಒಂದು ಗೋಣಿಯನ್ನು ಮೂಸಿ ನೋಡಿದ್ದೆ. ಏನೂ ವಾಸನೆ ಇರಲಿಲ್ಲ.

ಜುಲೈ ಕೊನೆಗೋ ಆಗಸ್ಟ್ ಮೊದಲಿಗೋ ನಾವು ಒಂದು ಹಿಡಿ ಬೀಜ ಹುರಿದು ಉಡುಪಿಯ ಕಡಿಯಾಳಿಗೆ ಒಯ್ದೆವು. ಶೆಣೈ ಮಾಮ್‌ ಅವರ ಕಾಫಿಪುಡಿ ಅಂಗಡಿ ಅಲ್ಲಿ. ಯಂತ್ರದ ಬಾಯಿಗೆ ಬೀಜ ಸುರಿದರೆ ಎದುರಿನ ಬಸ್‌ಸ್ಟಾಪಿನಲ್ಲಿ ನಿಂತವರಿಗೂ ಪರಿಮಳ ಹೋಗಬೇಕು. ಯಾವ ಮನೆಗೆ ಪೀಬರಿ ಬೀಜ ಎಷ್ಟು, ಪ್ಲಾಂಟೇಶನ್ ಎಷ್ಟು, ಚಿಕೋರಿ ಎಷ್ಟು ಎಂಬುದು ಗಿರಾಕಿಯ ಮುಖ ನೋಡಿದರೆ ಅವರಿಗೆ ಗೊತ್ತು. ಚಿಕೋರಿ ಹೆಚ್ಚಿಸಿದರೆ ಆ ಮನೆಗೆ ಸೊಸೆ ಬಂದಿದ್ದಾಳೆ ಎಂದರ್ಥ ಎನ್ನುತ್ತಿದ್ದರು. ಇದೆಲ್ಲ ಅವರು ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದು. ಪರೀಕ್ಷಿಸಿದವರನ್ನು ನಾನು ಕಂಡಿಲ್ಲ. ಅವರು ಒಪ್ಪಿದರೆ ಅಂಗಡಿಯ ಗಾಜಿನ ಭರಣಿಯಲ್ಲಿ ಹನೀಫನ ಬೀಜ ಕೂರುತ್ತದೆ. ಮಣಿಪಾಲದ ಡಾಕ್ಟರುಗಳು, ಪ್ರೊಫೆಸರುಗಳು, ನಮ್ಮ ಕೊಕ್ಕರೆ ಕೆಟಲಿನವರು ಎಲ್ಲರೂ ಬರುವುದು ಅಲ್ಲಿಗೇ.

ಹನೀಫ್ ಹಾಲು ಹಾಕದೆ ಕೊಟ್ಟ.

“ಹಾಲಿಲ್ಲದ್ದು ಎಂತ ಕಾಫಿ ಮಾರಾಯ, ಕಷಾಯ ಅದು,” ಎಂದರು ಶೆಣೈ ಮಾಮ್.

“ಒಮ್ಮೆ ಹಾಗೇ ಕುಡೀರಿ ಮಾಮ್. ಗಾಳಿಯ ರುಚಿ ಗೊತ್ತಾಗ್ಬೇಕಲ್ವಾ?”

ಒಂದು ಗುಟುಕು ಕುಡಿದರು. ಬಾಯಿಯಲ್ಲೇ ಇಟ್ಟುಕೊಂಡು ರಸ್ತೆಯ ಕಡೆ ನೋಡಿದರು. ನುಂಗಿದರು.

“ಸಿಗಡಿ.”

“ಎಂತ?”

“ಒಣ ಸಿಗಡಿ. ಇದಕ್ಕೆ ನಾಲ್ಕು ಮೆಣಸು, ಕಾಯಿತುರಿ, ಚೂರು ಹುಳಿ ಹಾಕಿ ಕಡೆದರೆ ಗಂಜಿಗೆ ಆಗ್ತದೆ.”

ಪುಡಿ ಕಟ್ಟಿಸಿಕೊಳ್ಳಲು ನಿಂತಿದ್ದ ಹೆಂಗಸು ನಕ್ಕಳು. ಹನೀಫ್ ನಗಲಿಲ್ಲ, ಇದರಲ್ಲಿ ನನಗೆ ಸಂಶಯವಿಲ್ಲ. ಅವನು ಲೋಟ ಎತ್ತಿ ಮೂಸಿದ. ಆಮೇಲೆ ನಾನು ಮೂಸಿದೆ. ಬಂತು. ಶೆಣೈ ಮಾಮ್ ಹೇಳುವ ಮೊದಲು ಬಂದಿರಲಿಲ್ಲ.

ನಮಗೆ ಹೇಗೆ ಗೊತ್ತಾಗಬೇಕು? ದೋಣಿಗಳು ನೀರಿಗಿಳಿಯದ ಆ ತಿಂಗಳುಗಳಲ್ಲಿ ಮನೆಮನೆಯಲ್ಲೂ ಒಣಮೀನೇ. ಝೊಹರಾಳ ಅಡುಗೆಮನೆಯಲ್ಲಿ ಇತ್ತು, ಮಣಿಪಾಲದ ನನ್ನ ಕಪಾಟಿನಲ್ಲೂ ಒಂದು ಡಬ್ಬ ಇತ್ತು. ಉಸಿರಾಡುವ ಗಾಳಿಯಲ್ಲೇ ಇರುವುದನ್ನು ಮೂಗು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಿಸಿಲಿನಲ್ಲಿ ಸತ್ತಂತೆ ಬಿದ್ದಿದ್ದ ಗೋಣಿಯ ವಾಸನೆ ಪಡುಗಾಳಿಯ ತೇವಕ್ಕೆ ಮತ್ತೆ ಎದ್ದಿತ್ತು. ಬೀಜ ಗಾಳಿಯನ್ನು ಕುಡಿಯುವಾಗ ಅದನ್ನೂ ಕುಡಿದಿತ್ತು. ಶೆಣೈಯವರೂ ಮೀನು ತಿನ್ನುವವರೇ, ಅವರಿಗೆ ಮಾತ್ರ ಹೇಗೆ ಸಿಕ್ಕಿತು ಎಂದು ನಾನು ಬಹಳ ದಿನ ಯೋಚಿಸಿದೆ. ಅಶ್ರಫನ ವ್ಯಾಪಾರ ಯಾವುದೆಂದು ಅವರಿಗೆ ಮೊದಲೇ ಗೊತ್ತಿದ್ದರೆ?

“ಚೌತಿ ಕಳೀಲಿ, ಇನ್ನೊಮ್ಮೆ ತೋರಿಸು,” ಎಂದರು ಅವರು, ಸ್ವಲ್ಪ ಮೆತ್ತಗಾಗಿ. “ಆಗ ಹಾಲು ಹಾಕಿಯೇ ಕುಡೀತೇನೆ, ನಿನ್ನ ಪುಣ್ಯಕ್ಕೆ.”

ಹಿಂದೆ ಬರುವಾಗ ಉದ್ಯಾವರದ ಸೇತುವೆಯ ಹತ್ತಿರ ಹನೀಫ್, “ಝೊಹರಾಳಿಗೆ ಸಿಗಡಿ ಅಂತ ಹೇಳ್ಬೇಡ,” ಎಂದ. “ತೊಳೆದದ್ದು ಅವಳು.”

ಆದರೆ ಅವಳಿಗೆ ಸಂಜೆಯೊಳಗೆ ಗೊತ್ತಾಗಿತ್ತು. ಗೋಣಿಗಳೆಲ್ಲ ಕೆಳಗಿಳಿದು ಸೌದೆಯ ಕೊಟ್ಟಿಗೆ ಸೇರಿದವು. ಹೊಸ ಗೋಣಿ ಬಂತು. ಹನೀಫ್ ಬೀಜವನ್ನೆಲ್ಲ ಮತ್ತೆ ನೆಲಕ್ಕೆ ಸುರಿದು, ಮರದ ಹಲಗೆಯಿಂದ ಎಳೆದು ಎಳೆದು ಮಗುಚತೊಡಗಿದ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ. ಅಂಗೈಯಲ್ಲಿ ನೀರುಗುಳ್ಳೆ ಎದ್ದಿತ್ತು, ಗಡ್ಡದಲ್ಲಿ ಬೀಜದ ಧೂಳು. ಆ ತಿಂಗಳ ಒಂದು ಭಾನುವಾರ ನಾನು ಮೇಲೆ ಹೋಗಿ ರಾಶಿಗೆ ಕೈ ಹಾಕಿ ಮೂಸಿದೆ. ಸಿಗಡಿ ಹೋಗಿರಲಿಲ್ಲ. ಇಷ್ಟು ನಿಜ. ಆದರೆ ನಾನು ಕೈ ಹಾಕಿದ್ದು ಮೆಟ್ಟಿಲ ಹತ್ತಿರದ ರಾಶಿಗೆ. ಕಿಟಕಿಯ ಬಾಯಿಯ ಹತ್ತಿರ ಇನ್ನೊಂದು ರಾಶಿ ಇತ್ತು. ಅದನ್ನು ಮೂಸಿದೆನೇ? ಮೂಸಿದೆ ಎಂದು ಎಷ್ಟೋ ವರ್ಷ ನಾನು ನಂಬಿಕೊಂಡಿದ್ದೆ, ಮತ್ತು ಮುಂದೆ ಹುಟ್ಟಿದ ನನ್ನ ಅನುಮಾನವೆಲ್ಲ ಆ ನಂಬಿಕೆಯ ಮೇಲೆ ನಿಂತಿತ್ತು.

“ಹೇಗುಂಟು?” ಎಂದ.

“ಪರವಾಗಿಲ್ಲ.”

“ಪರವಾಗಿಲ್ಲ ಅಂದ್ರೆ ಎಂತ? ಸರಿ ಹೇಳು ಮಾರಾಯ. ಟಿಕೆಟ್ ಮಾಡುವುದಾ, ಬೇಡವಾ?”

“ಇನ್ನೂ ಗಾಳಿ ಉಂಟಲ್ಲ,” ಎಂದೆ.

ಚೌತಿ ಕಳೆದ ಮೇಲೆ ಶೆಣೈ ಮಾಮ್ ಕಾಪುವಿಗೇ ಬಂದರು, ಯಾರದೋ ಮನೆಯ ನಿಶ್ಚಿತಾರ್ಥಕ್ಕೆಂದು ಬಂದವರು ಹಾಗೇ ಈ ಕಡೆ. ಜರಿಯ ಶಾಲು ಹೊದ್ದಿದ್ದರು, ಆದ್ದರಿಂದ ನಿಶ್ಚಿತಾರ್ಥದ ಮಾತು ನಿಜವಿರಬೇಕು. ಬರುವುದನ್ನು ಮೊದಲೇ ಹೇಳಿದ್ದರಿಂದ ಬೀಜವನ್ನು ಹಿಂದಿನ ಸಂಜೆಯೇ ಹುರಿದಾಗಿತ್ತು. ಹುರಿದದ್ದು ಒಂದು ದಿನ ಕೂತರೆ ರುಚಿ ಕೂಡುತ್ತದೆ ಎಂಬುದು ನನ್ನಂಥವರ ಶಾಸ್ತ್ರ. ತೋರಿಸಲೆಂದು ಹಸಿ ಬೀಜ ಒಂದು ಹಿಡಿಯನ್ನು ತಟ್ಟೆಯಲ್ಲಿಟ್ಟಿದ್ದರು. ನಾನು ಆ ತಟ್ಟೆಯನ್ನು ನೋಡಿದೆ. ಉಬ್ಬಿದ, ಹುಲ್ಲಿನ ಬಣ್ಣದ ಬೀಜ. ಒಂದರ ಹಾಗೇ ಇನ್ನೊಂದು. ಮಾಳಿಗೆಯಲ್ಲಿ ನಾನು ಕಂಡಿದ್ದ ರಾಶಿಯಲ್ಲಿ ಹಸಿರು, ಬಿಳಿಚು, ಕಪ್ಪು ಕಲೆಯದ್ದು, ಎಲ್ಲ ಬೆರೆತಿತ್ತು. ಆರಿಸಿದ್ದಾರೆ ಎಂದುಕೊಂಡೆ. ಇಷ್ಟು ಚೆನ್ನಾಗಿ ಯಾರು ಆರಿಸುತ್ತಾರೆ ಎಂದೂ ಅಂದುಕೊಂಡೆ.

ಶೆಣೈ ಮಾಮ್ ಕುಡಿದರು. ಮೊದಲು ಹಾಗೇ, ಆಮೇಲೆ ಹಾಲು ಹಾಕಿ. ಲೋಟ ಕೆಳಗಿಟ್ಟು ಶಾಲಿನಿಂದ ಬಾಯಿ ಒರೆಸಿಕೊಂಡು, “ಇದು ಆಗ್ತದೆ. ಭರಣಿಯಲ್ಲಿ ಇಡುವ,” ಎಂದರು.

ನಾನೂ ಕುಡಿದೆ. ಚೆನ್ನಾಗಿತ್ತು. ಕೆಟ್ಟದಾಗಿದ್ದಿದ್ದರೆ ಈ ಬರಹವೇ ಬೇಕಿರಲಿಲ್ಲ. ನಾಲಗೆಯ ಮೇಲೆ ಎಣ್ಣೆಯ ಹಾಗೆ ಕೂತು, ನುಂಗಿದ ಮೇಲೂ ಬಹಳ ಹೊತ್ತು ಹೋಗಲಿಲ್ಲ. ಸಿಗಡಿಯ ಸುಳಿವಿಲ್ಲ. ಝೊಹರಾ ಬಾಗಿಲಲ್ಲಿ ನಿಂತಿದ್ದವಳು ಶೆಣೈಯವರ ಮಾತು ಕೇಳಿ ಒಳಗೆ ಹೋದಳು.

ಹನೀಫ್ ನನ್ನನ್ನು ಬಸ್ಸಿಗೆ ಬಿಡಲು ಹೆದ್ದಾರಿಯ ತನಕ ಬಂದ. ಸಂತೋಷದಲ್ಲಿದ್ದ ಹಾಗೆ ಕಾಣಲಿಲ್ಲ.

“ನಿಜ ಹೇಳು,” ಎಂದ. “ಈ ಬೀಜ ನಮ್ಮ ಮಾಳಿಗೆಯದ್ದೇ ಅಲ್ವಾ?”

“ಹುರಿದದ್ದು ನೀನಲ್ವಾ?”

“ಹುರಿದದ್ದು ನಾನೇ. ಆರಿಸಿ ಡಬ್ಬಕ್ಕೆ ತುಂಬಿಸಿದ್ದು ಅವಳು.”

“ಅವಳಲ್ಲೇ ಕೇಳು ಮತ್ತೆ.”

“ಕೇಳಿದ್ರೆ ಹೌದು ಅಂತಾಳೆ. ನಮ್ಮದಾ ಅಂದ್ರೂ ಹೌದು, ಹೊರಗಿಂದ ತಂದದ್ದಾ ಅಂದ್ರೂ ಹೌದು. ನಿನಗೆ ಗೊತ್ತಾಗ್ತದಲ್ವಾ, ನಿನ್ನ ಮೂಗು ಉಂಟಲ್ವಾ?”

ನಾನು ಏನು ಹೇಳಿದೆ? ನನ್ನಲ್ಲಿ ಮೂರು ಉತ್ತರಗಳಿವೆ. ‘ನಿಮ್ಮದೇ’ ಎಂದೆ. ‘ರುಚಿ ಆದ್ರೆ ಆಯ್ತಲ್ಲ’ ಎಂದೆ. ಏನೂ ಹೇಳುವ ಮೊದಲೇ ಉಡುಪಿ ಬಸ್ ಬಂತು. ಮೂರೂ ನನಗೆ ಅಷ್ಟೇ ಸ್ಪಷ್ಟವಾಗಿ ಕಾಣುತ್ತವೆ, ಮೂರರಲ್ಲೂ ಹನೀಫನ ಗಡ್ಡದಲ್ಲಿ ಅದೇ ಧೂಳು. ಮರುದಿನ ಅವನು ಶಾರ್ಜಾಕ್ಕೆ ಫೋನ್ ಮಾಡಿ, ಬರುವುದಿಲ್ಲ ಎಂದ.

ಆ ಮೇಲೆ ನಾನು ಎಲ್ಲರನ್ನೂ ಸರದಿಯ ಮೇಲೆ ಶಂಕಿಸಿದೆ. ಮೊದಲು ಝೊಹರಾಳನ್ನು. ಗಂಡ ಹೋಗಬಾರದು ಎಂದು ಎಲ್ಲರಿಗಿಂತ ಹೆಚ್ಚು ಬಯಸಿದವಳು ಅವಳು. ಅಣ್ಣನ ವ್ಯಾನು ವಾರಕ್ಕೊಮ್ಮೆ ಮಂಗಳೂರಿಗೆ ಹೋಗುತ್ತಿತ್ತು. ಅಲ್ಲಿ ಗೋದಾಮುಗಳಿವೆ, ಒಂದು ಚೀಲ ತರಿಸುವುದು ದೊಡ್ಡ ಮಾತಲ್ಲ. ಆದರೆ ಆ ವರ್ಷದ ಬೀಜ ಗೋದಾಮಿನಲ್ಲೂ ಆಗ ಗಾಳಿಯಲ್ಲೇ ಇರಬೇಕಲ್ಲ? ಹಾಗಾದರೆ ಹಿಂದಿನ ವರ್ಷದ್ದು. ಹಿಂದಿನ ವರ್ಷದ್ದು ಅಷ್ಟು ಘಮಘಮಿಸುತ್ತದೆಯೇ? ಆಮೇಲೆ ಹನೀಫನನ್ನೇ ಶಂಕಿಸಿದೆ. ತಾನೇ ತಂದು, ತಾನೇ ಅಮಾಯಕನಂತೆ ಕೇಳಿ, ನನ್ನ ಬಾಯಿಯಿಂದ ಒಂದು ‘ನಿಮ್ಮದೇ’ ಹೊರಡಿಸಿಕೊಳ್ಳಲು ಹೆದ್ದಾರಿಯ ತನಕ ನಡೆದಿರಬಹುದು. ಶೆಣೈ ಮಾಮ್ ಅಂತೂ ಒಂದು ದಿನ ಪುಡಿ ಕಟ್ಟುತ್ತಾ ಬಾಂಬು ಹಾಕಿದರು.

“ಕಾಪುವಿಗೆ ಬಂದ ಆ ದಿನ ನನಗೆ ಶೀತ ಮಾರಾಯ್ರೆ. ಮೂಗು ಪೂರ್ತಿ ಬಂದ್. ನೀವು ಇಷ್ಟು ಜನ ಮುಖ ನೋಡ್ತಾ ನಿಂತಿದ್ದೀರಿ, ಆ ಹೆಂಗಸು ಬಾಗಿಲಲ್ಲಿ ನಿಂತಿದ್ದಾರೆ. ನಾನು ಎಂತ ಹೇಳ್ಬೇಕಿತ್ತು?”

“ಹಾಗಾದ್ರೆ ರುಚಿ?”

“ರುಚಿ ಭರಣಿಗೆ ಹಾಕಿದ ಮೇಲೆ ನೋಡಿದೆ. ಲಾಯ್ಕ ಇತ್ತು.”

ಭರಣಿಗೆ ಹಾಕಿದ್ದು ಯಾವುದು, ಮೆಟ್ಟಿಲ ಬದಿಯದ್ದೋ ಕಿಟಕಿಯ ಬದಿಯದ್ದೋ ಡಬ್ಬದ್ದೋ, ಎಂದು ನಾನು ಕೇಳಲಿಲ್ಲ. ಅವರು ಒಂದೇ ಕಥೆಯನ್ನು ಎರಡು ಸಲ ಒಂದೇ ರೀತಿ ಹೇಳಿದ್ದನ್ನು ನಾನು ಕೇಳಿಲ್ಲ.

ಮರುವರ್ಷದ ಮಳೆಗಾಲವಿಡೀ ನಾನು ಕಾಪುವಿಗೆ ಹೋಗಿ ಬಂದೆ. ಪತ್ತೇದಾರನ ಹಾಗೆ, ಪ್ರತಿ ರಾಶಿಗೂ ಕೈ ಹಾಕಿದೆ, ಹನೀಫನ ಜೊತೆ ಹಲಗೆ ಎಳೆದೆ, ನನ್ನ ಕಣ್ಣೆದುರೇ ಹುರಿಸಿದೆ. ಕಾಫಿ ಅಷ್ಟೇ ಚೆನ್ನಾಗಿ ಬಂತು. ಅವನಿಗೆ ಆ ಕೆಲಸ ಬರುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಹಿಂದಿನ ವರ್ಷ ಬಂದಿತ್ತು ಎಂಬುದಕ್ಕೆ ಅಲ್ಲ.

ಪ್ಯಾಕೆಟ್ ಕತ್ತರಿಸಿದಾಗ ಬಂದ ವಾಸನೆ ತಲೆಯಿಂದ ಹೋಗದೆ ನಿನ್ನೆ ಕಾಪುವಿಗೆ ಹೋದೆ. ಹನೀಫ್ ಮೇಲಿದ್ದ. ಹಲಗೆ ನೆಲಕ್ಕೆ ಉಜ್ಜುವ ಸದ್ದು, ಜೊತೆಗೆ ಮಗಳು ಯಾವುದಕ್ಕೋ ಅವನ ಮೇಲೆ ರೇಗುತ್ತಿದ್ದ ಸದ್ದು ಕೇಳುತ್ತಿತ್ತು. ಝೊಹರಾ ಚಹಾ ತಂದಳು. ಇಷ್ಟು ವರ್ಷ ಕೇಳದ್ದನ್ನು ಕೇಳಿದೆ.

“ಶೆಣೈ ಮಾಮ್ ಬಂದ ದಿನದ ಡಬ್ಬ ನೆನಪುಂಟಾ?”

“ನೆನಪಿಲ್ಲದೆ ಎಂತ.” ಅವಳು ಮೆಟ್ಟಿಲ ಕಡೆ ನೋಡಿ ದನಿ ತಗ್ಗಿಸಿದಳು. “ಇವರಿಗೆ ನಾನು ಇವತ್ತಿಗೂ ಹೇಳ್ಲಿಲ್ಲ. ನೀವೂ ಹೇಳ್ಬೇಡಿ ಅಣ್ಣ.”

“ಎಂತ ಹೇಳ್ಲಿಲ್ಲ?”

“ನೀವು ಬದಲಾಯಿಸಿದ್ದು.”

“ನಾನಾ?”

“ಹಿಂದಿನ ದಿನ ಬೆಳಿಗ್ಗೆ ಬಂದಿದ್ರಿ ಅಲ್ವಾ, ಚೀಲ ಹಾಕ್ಕೊಂಡು. ನಾನು ಮೇಲಿನದ್ದೇ ತುಂಬಿಸಿದ್ದು ಡಬ್ಬಕ್ಕೆ, ಆರಿಸಿ ಆರಿಸಿ ಕಣ್ಣು ಹೋಗಿತ್ತು. ಆದ್ರೂ ಸಿಗಡಿಯ ವಾಸನೆ ಇತ್ತು. ಸಂಜೆ ಇವರು ಮುಚ್ಚಳ ತೆಗೆದಾಗ ನೋಡ್ತೇನೆ, ಅಷ್ಟು ಚೆಂದದ ಬೀಜ, ವಾಸನೆಯೇ ಇಲ್ಲ. ನೀವಲ್ಲದೆ ಮತ್ತೆ ಯಾರು? ನಾನು ಆಗ್ಲೇ ಅಂದ್ಕೊಂಡೆ, ಸುಧಾಕರಣ್ಣ ನಮ್ಮ ಮನೆ ಉಳಿಸಿದ್ರು ಅಂತ.”

“ನಾನಲ್ಲ, ಝೊಹರಾ.”

“ಆಯ್ತು ಅಣ್ಣ, ನೀವಲ್ಲ,” ಎಂದು ನಕ್ಕಳು. ಉಪಕಾರ ಮಾಡಿದವನ ಸಂಕೋಚಕ್ಕೆ ನಗುವ ನಗು ಅದು.

ಅವಳೇ ಬದಲಾಯಿಸಿ ಇಷ್ಟು ವರ್ಷಗಳಲ್ಲಿ ಅದನ್ನು ನನ್ನ ತಲೆಗೆ ಕಟ್ಟಿರಬಹುದು. ಅಥವಾ ಡಬ್ಬದಲ್ಲಿದ್ದದ್ದು ಅವಳೇ ಆರಿಸಿದ ಬೀಜವಾಗಿದ್ದು, ಮುಚ್ಚಳ ತೆಗೆದ ಹೊತ್ತಿಗೆ ಮೂಗು ಸೋತು ವಾಸನೆ ಸಿಗದೆ ಹೋಗಿರಬಹುದು. ಅಥವಾ ಅವಳು ಹೇಳಿದ್ದೇ ನಿಜವಿರಬಹುದು. ಹೋಲಿಸಿ ನೋಡಲೆಂದು ಗೋದಾಮಿನ ಒಳ್ಳೆಯ ಬೀಜ ಒಂದಿಷ್ಟು ಚೀಲದಲ್ಲಿ ಒಯ್ಯುವ ಅಭ್ಯಾಸ ಆಗ ನನಗಿತ್ತು. ಬದಲಾಯಿಸಿದ್ದರೆ ನೆನಪಿರುತ್ತಿತ್ತು ಎನ್ನಬಹುದು. ಆದರೆ ಕಿಟಕಿಯ ಹತ್ತಿರದ ರಾಶಿಯನ್ನು ಮೂಸಿದ್ದೂ ನನಗೆ ನೆನಪಿತ್ತು.

ಹನೀಫ್ ಹೋಗಲಿಲ್ಲ, ಇಲ್ಲೇ ಇದ್ದಾನೆ. ಶೆಣೈ ಮಾಮ್ ಬರುವ ಹಿಂದಿನ ದಿನ ನಾನು ಕಾಪುವಿಗೆ ಹೋಗಿದ್ದೆನೋ ಇಲ್ಲವೋ ನನಗೆ ನೆನಪಿಲ್ಲ. ಹೋಗಿದ್ದರೆ ಹೆಗಲಿಗೆ ಚೀಲ ಇದ್ದೇ ಇರುತ್ತಿತ್ತು. ಅದರಲ್ಲಿ ಏನಿತ್ತು ಎಂದು ಗೊತ್ತಿಲ್ಲ.